ಪದ ಎತ್ತುವ ಹೊತ್ತು

ಮಣಿಪಾಲದವರು ಕೇಳಿದ್ದು ಐದು ಪಾಠ. ಆಡಳಿತ ಕಲಿಸುವ ಒಂದು ಸಂಸ್ಥೆಯ ಕಾರ್ಯಕ್ರಮಕ್ಕೆ ನಮ್ಮ ಹೆಂಗಸರ ತಾಳಮದ್ದಳೆ ಸಂಘವನ್ನು ಕರೆದಿದ್ದರು. ಹಿಂದೆ ನಮ್ಮ ತುಳುನಾಡನ್ನು ಆಳಿದ ಒಬ್ಬ ರಾಣಿಯಿಂದ ಇಂದಿನ ನಾಯಕರು ಏನು ಕಲಿಯಬಹುದು ಎಂಬುದು ವಿಷಯ. ಫೋನಿನಲ್ಲಿ ಮಾತಾಡಿದ ಸಂಘಟಕಿ ಚುರುಕಿನ ಹುಡುಗಿ. "ಮೇಡಂ, ಎಷ್ಟು ಬೇಕಾದ್ರೂ ಮಾತಾಡಿ. ಕೊನೆಗೆ ಫೈವ್ ಪಾಯಿಂಟ್ಸ್ ಬಂದ್ರೆ ಸಾಕು, ಸ್ಲೈಡಲ್ಲಿ ಹಾಕ್ಲಿಕ್ಕೆ" ಎಂದಳು.

ಇದನ್ನು ದೊಡ್ಡಮ್ಮನಿಗೆ ಹೇಳಿದಾಗ ಅವರು, "ಐದೇ ಯಾಕಂತೆ? ಆರನೆಯದಕ್ಕೆ ಜಾಗ ಇಲ್ವಂತಾ?" ಎಂದರು.

ಹೀಗೆ ಬರೆದ ಕೂಡಲೇ ನನಗೆ ಅನುಮಾನ. ಇಷ್ಟು ಹರಿತವಾದ ಮಾತನ್ನು ದೊಡ್ಡಮ್ಮ ಮಣಿಪಾಲದ ವಿಷಯಕ್ಕೇ ಆಡಿದರೋ, ಅಥವಾ ಅದಕ್ಕೂ ಎಷ್ಟೋ ಹಿಂದೆ ಬೇರೆ ಯಾವುದೋ ಸಭೆಗೆ ಆಡಿದ್ದನ್ನು ನಾನು ಇಲ್ಲಿಗೆ ತಂದು ಕೂರಿಸಿದೆನೋ? ನೆನಪು ಇಂಥ ಕೆಲಸವನ್ನು ನನ್ನ ಅಪ್ಪಣೆ ಇಲ್ಲದೆ ಮಾಡುತ್ತದೆ. ಚಂದವಾಗಿ ಜೋಡಿಸಿ ಕೊಡುತ್ತದೆ. ಚಂದ ಕಂಡಲ್ಲೆಲ್ಲ ನಾನು ಸ್ವಲ್ಪ ನಿಲ್ಲುತ್ತೇನೆ. ಓದುವವರೂ ನಿಲ್ಲಿ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಕಾಪು ಪೇಟೆಯ ಹಿಂದೆ ಮಗಳ ಮನೆಯಲ್ಲಿದ್ದಾರೆ. ಬನ್ನಂಜೆಯಲ್ಲಿ ಒಂದು ಕಟ್ಟಡದ ಮಾಳಿಗೆ ಹಿಡಿದು ಈ ಸಂಘ ಕಟ್ಟಿದವರು ಅವರೇ. ಹೆಂಗಸರು ಪದ್ಯ ಹಾಡುವುದನ್ನು ಹೇಗೋ ಸಹಿಸಿಕೊಂಡ ಊರು, ಹೆಂಗಸರು ಅರ್ಥ ಹೇಳುವುದನ್ನು ಸಹಿಸಲಿಲ್ಲ. "ಮೀನು ಮಾರ್ಕೆಟಿನ ಜಗಳಕ್ಕೆ ಮದ್ದಳೆ ಬೇರೆ ಯಾಕೆ?" ಎಂದು ಯಾರೋ ಮೊದಲ ಕೂಟದಲ್ಲೇ ಕೂಗಿದ್ದರಂತೆ. ದೊಡ್ಡಮ್ಮ ಕುಳಿತಲ್ಲಿಂದಲೇ, ಪಾತ್ರ ಬಿಡದೆ, "ಸಭೆಯಲ್ಲಿ ಯಾರೋ ಮೀನಿನ ವಾಸನೆ ಹಿಡಿದು ಬಂದಂತಿದೆ. ಬೆಕ್ಕಿಗೂ ಆಸನ ಕೊಡಿ" ಎಂದರಂತೆ. ನಾನು ಆ ದಿನ ಅಲ್ಲಿರಲಿಲ್ಲ. ಇದ್ದೆನೆಂದು ಹೇಳಿಕೊಂಡದ್ದುಂಟು.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಸಾಲಾಗಿ ಕೂತುಕೊಳ್ಳುವುದು. ಭಾಗವತರು ಒಂದು ಪದ್ಯ ಹಾಡುತ್ತಾರೆ, ಪಾತ್ರಧಾರಿ ಅದರ ಅರ್ಥವನ್ನು ತನ್ನದೇ ಮಾತಿನಲ್ಲಿ ಬೆಳೆಸುತ್ತಾಳೆ. ಬರೆದುಕೊಂಡು ಬಂದ ಮಾತಿಲ್ಲ. ಎದುರು ಕೂತವಳು ಏನು ಕೇಳಿದರೂ ಅಲ್ಲೇ, ಆಗಲೇ, ಪಾತ್ರದೊಳಗಿಂದಲೇ ಉತ್ತರ ಕೊಡಬೇಕು. ಒಂದು ಇಂಗ್ಲಿಷ್ ಶಬ್ದ ನುಸುಳಿದರೆ ಮುಗಿಯಿತು, ತಿಂಗಳುಗಟ್ಟಲೆ ನಗೆಪಾಟಲು. ಇನ್ನೊಂದು ಕಟ್ಟುಪಾಡು ಇದೆ. ಮಾತು ಸಾಕು ಎನಿಸಿದಾಗ ಭಾಗವತರು ಮುಂದಿನ ಪದ ಎತ್ತುತ್ತಾರೆ, ಎಂದರೆ ಮುಂದಿನ ಪದ್ಯ ಹಾಡತೊಡಗುತ್ತಾರೆ. ಎತ್ತಿದರೆ ಮಾತಾಡುತ್ತಿದ್ದವಳು ನಿಲ್ಲಿಸಲೇಬೇಕು. ವಾಕ್ಯ ಅರ್ಧವಾಗಿದ್ದರೂ ಸರಿ, ಪಾತ್ರ ಚಕ್ರವರ್ತಿಯದ್ದಾದರೂ ಸರಿ. ಕೈಮುಗಿದು ಸುಮ್ಮನಾಗಬೇಕು.

ಸಂಘದಲ್ಲಿ ಯಾರಿಗೆ ಯಾವ ಪಾತ್ರ ಎಂಬುದು ದೊಡ್ಡಮ್ಮನ ನಿರ್ಣಯ. ಚರ್ಚೆ ಇಲ್ಲ. ನನಗೆ ಯಾವಾಗಲೂ ಮಂತ್ರಿ. "ನಿನಗೆ ರಾಣಿಯಾಗುವ ಧೈರ್ಯ ಇಲ್ಲ ಮಗಾ, ತಕರಾರು ಮಾಡುವ ಬುದ್ಧಿ ಉಂಟು. ಮಂತ್ರಿ ಆಗು" ಎಂದಿದ್ದರು. ಆ ರಾಣಿಯ ಕಥೆಯನ್ನು ಪ್ರಸಂಗವಾಗಿ ಕಟ್ಟಿದ್ದೂ ಅವರೇ. ಪದ್ಯಗಳನ್ನು ಮಾತ್ರ ನಮ್ಮ ಭಾಗವತರು ಹೊಸೆದುಕೊಟ್ಟರು. ಅವರು ನಿವೃತ್ತ ಮೇಷ್ಟ್ರು, ಸಂಘದ ಒಬ್ಬನೇ ಗಂಡಸು.

ಆ ರಾಣಿ ಉಳಿದಿರುವುದು ಕಲ್ಲಿನ ಮೇಲೆ. ಗಂಡ ಸತ್ತ ಮೇಲೆ ತಾನೇ ಸಿಂಹಾಸನ ಏರಿದವಳು. ಶಾಸನಗಳಲ್ಲಿ ಅವಳಿಗೆ ಗಂಡಸರ ಬಿರುದುಗಳೇ ಇವೆ. ಅವಳ ಮುಂದೆ ಯಾವ ಪ್ರಧಾನರು, ಯಾವ ಊರಿನ ಪ್ರಮುಖರು ಇದ್ದರು ಎಂದೆಲ್ಲ ಕಲ್ಲು ಹೇಳುತ್ತದೆ. ರಾಣಿ ಏನು ಹೇಳಿದಳು ಎಂದು ಹೇಳುವುದಿಲ್ಲ. "ಗಂಡಸಿನ ಬಿರುದು ಯಾಕೆ ಹಾಕಿಸಿಕೊಂಡಳು ಅಂದ್ರೆ, ಹೆಂಗಸಿಗೆ ಅಂತ ಬಿರುದು ಮಾಡಿಟ್ಟವರೇ ಇರ್ಲಿಲ್ಲ" ಎನ್ನುತ್ತಿದ್ದರು ದೊಡ್ಡಮ್ಮ. "ಬೇರೆಯವರ ಅಳತೆಗೆ ಮಾಡಿದ ಕುರ್ಚಿ. ಕಾಲು ನೆಲಕ್ಕೆ ತಾಗ್ಲಿಕ್ಕಿಲ್ಲ. ಆದ್ರೂ ನೆಟ್ಟಗೆ ಕೂತುಕೊಳ್ಬೇಕು." ಇದನ್ನು ಅವರು ಹೇಳಿದ್ದು ಖಂಡಿತ. ಇಂಥದ್ದನ್ನು ಕಟ್ಟುವ ಶಕ್ತಿ ನನಗಿಲ್ಲ.

ಮೊದಲ ತಪ್ಪು ಆದದ್ದು ಕಾರ್ಕಳದಲ್ಲಿ. ಒಂದು ಮದುವೆ ಮಂಟಪದ ಹಿಂಬದಿ ಹಾಲ್, ಮಧ್ಯಾಹ್ನದ ಹೊತ್ತು, ಊಟ ಮುಗಿಸಿದ ಜನ. ರಾಣಿಗೆ ವೈರಿಯ ಸುದ್ದಿ ತಲುಪುವ ಸಂದರ್ಭ. ದೊಡ್ಡಮ್ಮ ಒಳ್ಳೆಯ ಹದದಲ್ಲಿದ್ದರು. ಗಡಿಯ ಕಾವಲು, ಕಡಲ ದಾರಿ, ಕೋಟೆಯ ಬಾಗಿಲು ಎಲ್ಲವನ್ನೂ ಒಂದೊಂದಾಗಿ ವಿಚಾರಿಸಿ, ನನ್ನತ್ತ ತಿರುಗಿ, ಅದೇ ಗಂಭೀರ ಸ್ವರದಲ್ಲಿ, "ಮಂತ್ರಿಗಳೇ, ಗ್ಯಾಸ್ ಆಫ್ ಮಾಡಿದ್ದೀರಾ?" ಎಂದರು.

ನಾನು ಅವರ ಮುಖ ನೋಡಿದೆ. ತಮಾಷೆಯ ಸುಳಿವಿಲ್ಲ. ನಿಜವಾಗಿಯೂ ಹೆದರಿದ್ದರು. ನನ್ನ ಬಾಯಿ ತಾನಾಗಿ ಕೆಲಸ ಮಾಡಿತು: "ಮಹಾರಾಣಿಯವರು ಚಿಂತಿಸಬಾರದು. ಪಾಕಶಾಲೆಯ ಅಗ್ನಿಯನ್ನು ಶಾಂತಗೊಳಿಸಿಯೇ ಸಭೆಗೆ ಬಂದಿದ್ದೇವೆ." ಹಾಲ್ ನಗೆಯಿಂದ ಬಿರಿಯಿತು. ಚಪ್ಪಾಳೆ. ಮುಂದಿನ ಸಾಲಿನ ಅಜ್ಜರೊಬ್ಬರು ತೊಡೆ ತಟ್ಟಿಕೊಂಡು, "ಹೆಂಗಸರ ಕೂಟ ಅಂದ್ರೆ ಹೀಗೆ ಮಾರಾಯ! ರಾಜ್ಯವೂ ಬೇಕು, ಗ್ಯಾಸೂ ಬೇಕು!" ಎಂದರು.

ದೊಡ್ಡಮ್ಮ ಮಾತ್ರ ನಗಲಿಲ್ಲ. ಹಿಂತಿರುಗುವಾಗ ವ್ಯಾನ್ ಬೆಳ್ಮಣ್ ದಾಟುವಷ್ಟರಲ್ಲಿ ನನ್ನ ಕೈ ಹಿಡಿದು, "ಅವರು ಯಾಕೆ ನಗಾಡಿದ್ರು?" ಎಂದು ಕೇಳಿದರು. ಇದು ನಾನು ಅಕ್ಕನಿಗೆ, ಎಂದರೆ ದೊಡ್ಡಮ್ಮನ ಮಗಳಿಗೆ, ಹೇಳಿದ ರೀತಿ. ಸಂಘದವರಿಗೆ ಹೇಳುವಾಗ ದೊಡ್ಡಮ್ಮ ದಾರಿಯುದ್ದಕ್ಕೂ ನಿದ್ದೆಯಲ್ಲಿದ್ದರು ಎಂದೆ. ಎರಡನ್ನೂ ಹಲವು ಸಲ ಹೇಳಿ ಈಗ ಎರಡೂ ನನಗೆ ಸಮನಾಗಿ ಕಾಣುತ್ತವೆ. ಹಿಡಿದ ಕೈಯ ಬಿಸಿಯೂ ನೆನಪಿದೆ, ಕಿಟಕಿಗೆ ಒರಗಿದ ನಿದ್ದೆಯ ತಲೆಯೂ ನೆನಪಿದೆ.

ಆಮೇಲೆ ಮನೆಯ ಮಾತು ಮತ್ತು ಸಭೆಯ ಮಾತು ಒಂದರ ಜಾಗದಲ್ಲಿ ಒಂದು ಬಂದು ಕೂರತೊಡಗಿದವು. ನಾವು ಮನೆಯಲ್ಲಿ ತುಳು ಮಾತಾಡುವವರು. ಕನ್ನಡ ಶಾಲೆಗೆ, ಕಚೇರಿಗೆ, ಸಭೆಗೆ. ದೊಡ್ಡಮ್ಮನಿಗೆ ಮೊದಲು ಕೈಕೊಟ್ಟದ್ದು ತುಳು. ಲೋಟ, ಚಮಚ, ಬಾಗಿಲ ಚಿಲಕ, ಇಂಥವುಗಳ ಹೆಸರು ತಪ್ಪುತ್ತಿತ್ತು. ಆಗ ಸಭೆಯ ಕನ್ನಡ ಬಂದು ಕೈಹಿಡಿಯುತ್ತಿತ್ತು. ಬಾಗಿಲಿಗೆ ಬಂದ ಮೀನಿನವಳಿಗೆ, "ಈ ಬಂಗುಡೆಗಳು ಇಂದಿನವೋ ನಿನ್ನೆಯವೋ? ಸತ್ಯವನ್ನೇ ನುಡಿ!" ಎಂದರಂತೆ. ಅವಳೂ ಬಿಡುವವಳಲ್ಲ. ಬುಟ್ಟಿ ಇಳಿಸಿ, "ಇವತ್ತಿನದ್ದೇ ಮಹಾತಾಯಿ, ತಲೆ ಬೇಕಾದ್ರೆ ತೆಗಿ. ಮೀನಿಂದು, ನಂದಲ್ಲ" ಎಂದಳಂತೆ. ಅಕ್ಕ ಇದನ್ನು ಫೋನಿನಲ್ಲಿ ನಗುತ್ತಾ ಹೇಳತೊಡಗಿ, ಹೇಳಿ ಮುಗಿಸುವಾಗ ನಗುತ್ತಿರಲಿಲ್ಲ. ಡಾಕ್ಟರು ಕಾಯಿಲೆಗೆ ಒಂದು ಹೆಸರು ಕೊಟ್ಟರು. ಇದು ಇನ್ನು ಹಿಂದೆ ಹೋಗುವುದಿಲ್ಲ ಎಂದರು.

ಮಣಿಪಾಲದ ಕರೆ ಬಂದದ್ದು ಹೀಗಿರುವಾಗ. ಬನ್ನಂಜೆಯ ಮಾಳಿಗೆಯಲ್ಲಿ ದೊಡ್ಡಮ್ಮ ಇಲ್ಲದ ಮೊದಲ ಸಭೆ ಸೇರಿತು. ಮದ್ದಳೆ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಎಲ್ಲರೂ ಪಿಸುದನಿಯಲ್ಲಿ ಮಾತಾಡಿದರು, ಕಾಪುವಿಗೆ ಕೇಳಿಸೀತು ಎಂಬಂತೆ.

"ಅಕ್ಕನಿಗೆ ಅವಮಾನ ಆಗ್ಬಾರ್ದು, ಅಷ್ಟೇ" ಎಂದಳು ನಮ್ಮಲ್ಲಿ ಹಾಸ್ಯದ ಪಾತ್ರ ಮಾಡುವವಳು. ಸಂಘದವರಿಗೆಲ್ಲ ದೊಡ್ಡಮ್ಮನೇ ಅಕ್ಕ. "ಕಾರ್ಕಳದಲ್ಲಿ ನಗಾಡಿದ್ರು. ಇಲ್ಲಿ ನಗಾಡದಿದ್ರೆ ಎಂತ ಮಾಡುವುದು?"

"ರಾಣಿ ಇವಳೇ ಮಾಡ್ಲಿ" ಎಂದು ಇನ್ನೊಬ್ಬಳು ನನ್ನತ್ತ ಬೆರಳು ತೋರಿದಳು. "ಇಷ್ಟು ವರ್ಷ ಮಂತ್ರಿ ಆಗಿ ಎದುರು ಕೂತವಳಿಗೆ ರಾಣಿಯ ಮಾತೆಲ್ಲ ಬಾಯಿಪಾಠ ಆಗಿರ್ಬಹುದು ಅಲ್ವಾ?"

"ಇದನ್ನು ಅವರಿಗೆ ಹೇಳುವವರು ಯಾರು?" ಎಂದರು ಭಾಗವತರು.

ಎಲ್ಲರೂ ನನ್ನತ್ತ ತಿರುಗಿದರು. ಹಾಗೆ ಅದು ನನ್ನ ಪಾಲಿಗೆ ಬಂತು. ರಾಣಿಯನ್ನು ಇಳಿಸುವ ಕೆಲಸವನ್ನು ರಾಜ್ಯ ಯಾವಾಗಲೂ ರಾಣಿಯ ಸಂಬಂಧಿಕರಿಗೇ ಕೊಡುತ್ತದೆ ಎಂದು ನನಗೆ ಆಗ ತೋಚಿತು. ಇದು ಪಾಠವಾದರೆ ಸ್ಲೈಡಿಗೆ ಹಾಕುವಂಥದ್ದಲ್ಲ.

ಕಾಪುವಿಗೆ ಹೋದೆ. ಅಕ್ಕ ಅಡುಗೆಮನೆಯಲ್ಲಿದ್ದಳು, ಕುಕ್ಕರ್ ಕೂಗುತ್ತಿತ್ತು. ದೊಡ್ಡಮ್ಮ ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಾಳೆಕಾಯಿಯ ಸಿಪ್ಪೆ ತೆಗೆಯುತ್ತಿದ್ದರು. ಅವತ್ತು ಅವರಿಗೆ ಎಲ್ಲವೂ ಸರಿಯಾಗಿತ್ತು. ಅಂಥ ದಿನಗಳೂ ಬರುತ್ತಿದ್ದವು.

"ನನ್ನನ್ನು ಇಳಿಸ್ಲಿಕ್ಕೆ ಬಂದದ್ದಾ?" ಎಂದರು, ತಲೆಯೆತ್ತದೆ.

"ಇಲ್ಲ ದೊಡ್ಡಮ್ಮ, ಸುಮ್ಮನೆ ಬಂದೆ."

"ಸುಮ್ಮನೆ ಬರುವ ಜಾತಿಯಾ ನೀನು? ಹೋದ ಹಬ್ಬಕ್ಕೂ ಬರ್ಲಿಲ್ಲ." ಕತ್ತಿ ಕೆಳಗಿಟ್ಟರು. "ಕೇಳು. ರಾಣಿ ನಾನೇ. ಅದರಲ್ಲಿ ಬದಲಾವಣೆ ಇಲ್ಲ. ಆದ್ರೆ ನಾನು ತಪ್ಪಿದ್ರೆ ನನಗೆ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟು ಬುದ್ಧಿ ಇದ್ರೆ ತಪ್ಪುವುದೇ ಇಲ್ವಲ್ಲ. ಹಾಗಾಗಿ ನೀನು ಭಾಗವತರ ಮುಖ ನೋಡು. ನೀನು ನೋಡಿದ್ರೆ ಅವರು ಪದ ಎತ್ತಲಿ. ಅವರಿಗೂ ಹೇಳಿಡು."

"ನಾನು ನೋಡುವುದಿಲ್ಲ."

"ನೋಡ್ಬೇಕು. ಅದಕ್ಕೇ ಮಂತ್ರಿ ಇರುವುದು. ಹೊಗಳ್ಲಿಕ್ಕೆ ಬೇರೆ ಜನ ಬೇಕಾದಷ್ಟು ಉಂಟು. ನಿಲ್ಲಿಸ್ಲಿಕ್ಕೆ ಒಬ್ಬಳಾದ್ರೂ ಬೇಡ್ವಾ?"

ಕುಕ್ಕರ್ ಮತ್ತೆ ಕೂಗಿತು. ಅಕ್ಕ ಒಳಗಿಂದ, "ಎಂತ ಹೇಳ್ತಾ ಉಂಟು ಅಮ್ಮ?" ಎಂದಳು. "ಎಂತದ್ದೂ ಇಲ್ಲ, ಬಾಳೆಕಾಯಿ ಎಳತು" ಎಂದರು ದೊಡ್ಡಮ್ಮ. ಹಾಗಾಗಿ ಆ ಮಾತನ್ನು ಅವರ ಬಾಯಿಂದ ಕೇಳಿದವಳು ನಾನೊಬ್ಬಳೇ.

ನಾನು ಸಂಘಕ್ಕೆ ಹೇಳಿದೆ, ಭಾಗವತರಿಗೂ ಹೇಳಿದೆ. ಅವರು ತಾಳವನ್ನು ಬಟ್ಟೆಯಲ್ಲಿ ಸುತ್ತಿಟ್ಟು, "ಆಗಲಿ. ಅವರ ಅಪ್ಪಣೆಯಲ್ವಾ?" ಎಂದರು.

ಮಣಿಪಾಲದ ಸಭಾಂಗಣದಲ್ಲಿ ಎ.ಸಿ. ಜೋರಾಗಿತ್ತು. ಮದ್ದಳೆಯ ಶ್ರುತಿ ನಿಲ್ಲದೆ ಒದ್ದಾಟವಾಯಿತು. ಎದುರಿಗೆ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ವಿದ್ಯಾರ್ಥಿಗಳು, ಹಲವರು ಕನ್ನಡ ಬಾರದವರು. ಯಾರೋ ಮೂಲೆಯಲ್ಲಿ ಕೂತು ಪಕ್ಕದ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಸಾರಾಂಶ ಟೈಪು ಮಾಡುತ್ತಿದ್ದರು. ನಾನು ಆ ಪರದೆಯನ್ನು ನೋಡಬಾರದು ಎಂದುಕೊಂಡಿದ್ದೆ.

ದೊಡ್ಡಮ್ಮ ಹಸಿರು ಪಟ್ಟೆಸೀರೆಯಲ್ಲಿ ನೆಟ್ಟಗೆ ಕೂತಿದ್ದರು. ಮೊದಲ ಪದ್ಯದ ಅರ್ಥದಲ್ಲಿ ಒಂದೇ ಒಂದು ಎಡವಟ್ಟಿಲ್ಲ. ನಾನು ಮಂತ್ರಿಯಾಗಿ ಕೇಳಿದೆ: "ಮಹಾರಾಣಿ, ಕತ್ತಿ ಹಿಡಿದ ಕೈ, ಬಳೆ ತೊಟ್ಟ ಕೈ, ಇವುಗಳಲ್ಲಿ ರಾಜ್ಯ ಯಾವ ಕೈಯಲ್ಲಿದೆ?"

"ಮಂತ್ರಿಗಳೇ, ರಾಜ್ಯ ಕೈಯಲ್ಲಿಲ್ಲ, ಬಾಗಿಲಲ್ಲಿದೆ. ಕೆರೆಯ ನೀರು ಮೊದಲು ಯಾರ ಗದ್ದೆಗೆ ಎಂಬ ಜಗಳ ನನ್ನ ಬಾಗಿಲಿಗೆ ಬಂದರೆ ನಾನು ರಾಣಿ. ಬಾರದೆ ಅವರವರೇ ಹೊಡೆದಾಡಿಕೊಂಡರೆ ನಾನು ದೊಡ್ಡ ಮನೆಯೊಂದರ ವಿಧವೆ. ಅಷ್ಟೇ ವ್ಯತ್ಯಾಸ. ಆದುದರಿಂದ ನನ್ನ ಬಾಗಿಲು ತೆರೆದೇ ಇದೆ."

ಇದನ್ನು ಅವರು ಹಿಂದೆ ಎಂದೂ ಹೇಳಿರಲಿಲ್ಲ. ಅಧಿಕಾರದ ಬಗ್ಗೆ ನಾನು ಕೇಳಿದ ಅತ್ಯಂತ ಸರಳವಾದ ಮಾತು ಅದು. ಈ ಹೆಂಗಸನ್ನು ಇಳಿಸಲು ಹೊರಟಿದ್ದೆವಲ್ಲ ಎಂದು ನಾಚಿಕೆಯಾಯಿತು. ಮುಂದಿನ ಪ್ರಶ್ನೆಗೆ ನಾನು ಬಾಯಿ ತೆರೆಯುವಾಗ ಅವರು ನನ್ನನ್ನೇ ದಿಟ್ಟಿಸಿ, "ನೀನು ಯಾರು?" ಎಂದರು.

ತಾಳಮದ್ದಳೆಯಲ್ಲಿ ಇದು ಸಾಧಾರಣ ಪ್ರಶ್ನೆ. ಎದುರಾಳಿಯನ್ನು ಕೆಣಕಲು, ಸಲಿಗೆ ತೆಗೆದುಕೊಂಡವನನ್ನು ಅವನ ಜಾಗಕ್ಕೆ ಇಳಿಸಲು ಯಾರೂ ಕೇಳಬಹುದು. ರಾಣಿ ಕೇಳುತ್ತಿದ್ದಾಳೋ ದೊಡ್ಡಮ್ಮ ಕೇಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ತಿಳಿಯುವ ಉಪಾಯವೂ ಇರಲಿಲ್ಲ.

"ತಮ್ಮ ಮಂತ್ರಿ, ಮಹಾರಾಣಿ."

"ನನಗೆ ಮಂತ್ರಿ ಇಲ್ಲ."

ಸಭೆ ಚಪ್ಪಾಳೆ ತಟ್ಟಿತು. ಸಂಘಟಕಿ ಏನನ್ನೋ ಬರೆದುಕೊಳ್ಳುತ್ತಿದ್ದಳು. ದೊಡ್ಡಮ್ಮ ಮುಂದುವರಿಸಿದರು: "ಬಾಗಿಲು ತೆರೆದೇ ಇದೆ. ಯಾರೂ ಬರಲಿಲ್ಲ." ಸ್ವಲ್ಪ ತಡೆದು, "ಬಾಗಿಲು ತೆರೆದೇ ಇದೆ. ಯಾರೂ ಬರಲಿಲ್ಲ." ಜನ ಅದನ್ನು ನಾಟಕದ ವರಸೆ ಎಂದುಕೊಂಡರು. ಮತ್ತೊಮ್ಮೆ ಹೇಳಿದಾಗ ಸ್ವರ ಸಣ್ಣದಾಗಿತ್ತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಇನ್ನೂ ಒಮ್ಮೆ. ಭಾಗವತರ ತಾಳ ಮಡಿಲಲ್ಲಿತ್ತು. ನಾನು ಅವರ ಮುಖ ನೋಡಿದೆ.

ನೋಡಿದೆನೇ? ಆ ದಿನದ ವಿಡಿಯೋ ಸಂಘದಲ್ಲಿದೆ. ಕ್ಯಾಮೆರಾ ರಾಣಿಯ ಮೇಲೆಯೇ ಇದೆ, ನಾನು ಚೌಕಟ್ಟಿನ ಹೊರಗೆ. "ಬಾಗಿಲು ತೆ" ಎನ್ನುವಲ್ಲಿ ಪದ ಏಳುತ್ತದೆ. ದೊಡ್ಡಮ್ಮ ಆ ಕ್ಷಣವೇ ನಿಲ್ಲುತ್ತಾರೆ, ಕೈಮುಗಿಯುತ್ತಾರೆ. ಉಳಿದ ಪ್ರಸಂಗವನ್ನು ನಾವು ರಾಣಿಯ ಮಾತಿಲ್ಲದೆ ಹೇಗೋ ಮುಗಿಸಿದೆವು. ಯಾರಿಗೂ ಕೊರತೆ ಕಾಣಲಿಲ್ಲ.

ಕಾರಿನಲ್ಲಿ ಉಡುಪಿ ದಾಟಿ ಹೆದ್ದಾರಿಗೆ ಬಂದ ಮೇಲೆ ಅವರು ಕೇಳಿದರು, ತುಳುವಿನಲ್ಲಿ, ಪೂರ್ತಿ ಎಚ್ಚರದಲ್ಲಿ: "ಭಾಗವತರು ಯಾಕೆ ಪದ ಎತ್ತಿದ್ರು? ನನ್ನದು ಮುಗಿದಿರ್ಲಿಲ್ಲ."

"ನೀವೇ ಹೇಳಿದ್ದಲ್ವಾ ದೊಡ್ಡಮ್ಮ."

"ನಾನಾ? ಯಾವಾಗ?"

"ಮನೆಯಲ್ಲಿ. ಬಾಳೆಕಾಯಿ ಹೆರೆಯುವಾಗ. ನೀವು ತಪ್ಪಿದ್ರೆ ನಾನು ಭಾಗವತರ ಮುಖ ನೋಡ್ಬೇಕು ಅಂತ."

ಅವರು ನನ್ನನ್ನು ಕನಿಕರದಿಂದ ನೋಡಿದರು. ಸುಳ್ಳು ಹೇಳುವ ಮಗುವನ್ನು ನೋಡುವ ಹಾಗೆ. "ನಾನು ಹಾಗೆ ಹೇಳ್ಲಿಕ್ಕಿಲ್ಲ ಮಗಾ. ಯಾವ ರಾಣಿ ಹಾಗೆ ಹೇಳ್ತಾಳೆ?"

ಈಗ ಆ ಅಪ್ಪಣೆ ಇರುವುದು ನನ್ನೊಬ್ಬಳ ತಲೆಯಲ್ಲಿ. ಕೊಟ್ಟವರಿಗೆ ಕೊಟ್ಟದ್ದು ಗೊತ್ತಿಲ್ಲ. ಅಕ್ಕನಿಗೆ ಕೇಳಿದ್ದು ಕುಕ್ಕರಿನ ಸದ್ದು. ಭಾಗವತರು, ಸಂಘದವರು ಕೇಳಿದ್ದು ನನ್ನ ಬಾಯಿಂದಲೇ. ಆ ಮಧ್ಯಾಹ್ನವನ್ನು ಮೇಲೆ ಎಷ್ಟು ಸ್ಪಷ್ಟವಾಗಿ ಬರೆದಿದ್ದೇನೆ ನೋಡಿ. ಪ್ರತಿಯೊಂದು ಮಾತೂ ಅದರದರ ಜಾಗದಲ್ಲಿದೆ. ಅಷ್ಟು ಸ್ಪಷ್ಟವಾಗಿರುವುದೇ ನನ್ನ ಭಯ. ಅವರನ್ನು ಇಳಿಸಲು ಹೋಗಿ, ಇಳಿಸಲಾಗದೆ, ಇಳಿಸುವ ಅಧಿಕಾರವನ್ನು ಅವರೇ ನನಗೆ ಕೊಟ್ಟರೆಂದು ನನ್ನ ತಲೆ ಕಟ್ಟಿಕೊಂಡಿತೋ ಏನೋ. ಅಧಿಕಾರ ಕೈಗೆ ಬಂದವರೆಲ್ಲ, ಹಿಂದಿನವರು ತಾವಾಗಿ ಒಪ್ಪಿಸಿ ಹೋದರು ಎಂದೇ ಅಲ್ಲವೇ ಹೇಳುವುದು?

ಭಾಗವತರನ್ನು ಕೇಳಿದೆ. ಅವರು ಕನ್ನಡಕ ಒರೆಸುತ್ತಾ, "ನೀವು ನೋಡಿದ್ದು ನಿಜ. ನೋಡದಿದ್ರೂ ನಾನು ಎತ್ತುತ್ತಿದ್ದೆ. ಇನ್ನು ತಡೆಯಲಿಕ್ಕೆ ಆಗುತ್ತಿರಲಿಲ್ಲ ನನಗೆ" ಎಂದರು. ಸಮಾಧಾನಕ್ಕೆ ಹೇಳಿದರೋ ಏನೋ. ಹಾಗಾದರೆ ನನ್ನ ನೋಟಕ್ಕೆ ಆ ಶಕ್ತಿಯೂ ಇರಲಿಲ್ಲ.

ಸಂಘಟಕಿ ಸ್ಲೈಡನ್ನು ಕಳುಹಿಸಿದಳು. ಮೊದಲ ಪಾಠ: ನಾಯಕಿ ಒಂಟಿಯಾಗಿ ನಿಲ್ಲಲು ಕಲಿಯಬೇಕು. ಅದರ ಕೆಳಗೆ, ಓರೆ ಅಕ್ಷರದಲ್ಲಿ, "ನನಗೆ ಮಂತ್ರಿ ಇಲ್ಲ". ಎರಡನೆಯದು: ಮಾತನ್ನು ಒತ್ತಿ ಒತ್ತಿ ಹೇಳಬೇಕು. ಉಳಿದದ್ದು ಓದಲಾಗಲಿಲ್ಲ. "ತುಂಬಾ ಚೆನ್ನಾಗಿ ಬಂದಿದೆ" ಎಂದು ಉತ್ತರ ಬರೆದೆ. ಬೇರೆ ಏನು ಬರೆಯಬೇಕಿತ್ತು, ಇಂದಿಗೂ ತಿಳಿಯದು.

ಆ ಕೂಟದ ನಂತರ ದೊಡ್ಡಮ್ಮ ಅರ್ಥ ಹೇಳಲಿಲ್ಲ. ಆದರೆ ಒಂದು ಹೊಸ ಅಭ್ಯಾಸ ಶುರುವಾಯಿತು. ಎಲ್ಲಿಂದಾದರೂ ಹಾಡು ಕೇಳಿದರೆ, ಅದು ಟಿ.ವಿ.ಯದ್ದಾಗಲಿ, ಮೊಬೈಲಿನದ್ದಾಗಲಿ, ಪಕ್ಕದ ಮನೆಯ ಮಗುವಿನದ್ದಾಗಲಿ, ಆಡುತ್ತಿದ್ದ ಮಾತನ್ನು ಅಲ್ಲೇ ಬಿಟ್ಟು ಕೈಮುಗಿಯುತ್ತಾರೆ. ಅನ್ನ ಬೇಕು ಎನ್ನುವುದು "ಅನ್ನ" ಎಂಬಲ್ಲಿಗೆ ನಿಲ್ಲುತ್ತದೆ. ಅಕ್ಕ ಟಿ.ವಿ. ಬಂದ್ ಮಾಡಿದಳು, ಫೋನಿನ ಸದ್ದು ತೆಗೆದಳು. ಊರಿನ ಹಾಡುಗಳನ್ನೆಲ್ಲ ಬಂದ್ ಮಾಡುವ ಅಧಿಕಾರ ಯಾರಿಗಿದೆ?

ಮೊನ್ನೆ ಬೆಳಿಗ್ಗೆ ಹೋಗಿದ್ದೆ. ನನ್ನನ್ನು ಗುರುತಿಸಿದರು. ಹತ್ತಿರ ಕರೆದು ಕೂರಿಸಿಕೊಂಡು, "ನಿನ್ನ ಅಮ್ಮ ಒಂದು ಸಲ ನನ್ನ ಹತ್ರ ಬಂದು ಎಂತ ಹೇಳಿದ್ಲು ಗೊತ್ತುಂಟಾ? ನಿನಗೆ ಹೇಳ್ಬಾರ್ದು ಅಂತ..." ಎಂದು ಶುರುಮಾಡಿದರು. ಅಮ್ಮ ಹೋಗಿ ಎಷ್ಟೋ ವರ್ಷಗಳಾದವು. ಈ ಮಾತು ನಾನು ಎಂದೂ ಕೇಳಿದ್ದಲ್ಲ. ಇನ್ನಷ್ಟು ಹತ್ತಿರ ಸರಿದೆ.

ಹೊರಗೆ ಕಸದ ಗಾಡಿ ಬಂತು, ತನ್ನ ಹಾಡು ಹಾಕಿಕೊಂಡು. ದೊಡ್ಡಮ್ಮ ನಿಲ್ಲಿಸಿ ಕೈಮುಗಿದರು.

ಗಾಡಿ ದೂರವಾಗುವವರೆಗೆ ಕಾದೆ. "ಆಮೇಲೆ? ಅಮ್ಮ ಎಂತ ಹೇಳಿದ್ದು?"

"ಎಂತ ಆಮೇಲೆ? ಪದ ಎತ್ತಿ ಆಯ್ತಲ್ಲ."

"ಅದು ಕಸದ ಗಾಡಿ ದೊಡ್ಡಮ್ಮ."

"ಯಾರೇ ಎತ್ತಲಿ. ಎತ್ತಿದ ಮೇಲೆ ಮಾತಾಡ್ಬಾರ್ದು." ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನತ್ತ ತಿರುಗಿದರು. "ಇನ್ನು ನಿನ್ನದು. ಹೇಳು."

ನಾನು ಇವತ್ತು ಸೆಕೆ ಜಾಸ್ತಿ ಎಂದೆ. ಸಂಜೆ ಮಳೆ ಬಂದರೂ ಬರಬಹುದು ಎಂದೆ. ಅವರು ತಲೆಯನ್ನು ಸ್ವಲ್ಪ ಓರೆ ಮಾಡಿ, ಎದುರಾಳಿಯ ವಾದ ಎಲ್ಲಿಗೆ ಹೋಗುತ್ತದೆ ಎಂದು ನೋಡುವವರಂತೆ, ಬಹಳ ಗಮನವಿಟ್ಟು ಕೇಳುತ್ತಿದ್ದರು.